ಯೋಗವೂ ಕ್ಷೇಮವೂ: ಹುಬ್ಬಳ್ಳಿಯ ವಿಮಾನ ನಿಲ್ದಾಣದ ಮುಂಗಾಲದ ವಿಚಾರ

ಯೋಗಕ್ಷೇಮವೆಂಬ ಸಮಾಸವನ್ನು ನಾವು ಕುಶಲಪ್ರಶ್ನೆಗಾಗಿ ಬಳಸುತ್ತ ಬಳಸುತ್ತ ಅದರೊಳಗಿನ ಎರಡು ಅರ್ಥಗಳನ್ನು ಒಂದಾಗಿಸಿಬಿಟ್ಟಿದ್ದೇವೆ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಯುವುದು ಕ್ಷೇಮ ಎಂದು ಭಾಷ್ಯಕಾರರು ಇವೆರಡನ್ನೂ ಬಿಡಿಸಿ ಹೇಳಿರುವರು. ಈ ಭೇದವು ಬರಿಯ ಶಬ್ದವಿಚಾರವಲ್ಲ. ಊರಿನ ದೊಡ್ಡ ಕಾರ್ಯಗಳೆಲ್ಲಕ್ಕೂ ಇದು ಸಲ್ಲುತ್ತದೆ. ಕೆರೆ, ಕೋಟೆ, ದೇಗುಲಗಳ ನಿರ್ಮಾಣವಿಚಾರವು ನಮ್ಮ ಹಿಂದಿನವರಿಗೆ ಶಾಸ್ತ್ರದ ಹೊರಗಿನ ಮಾತಾಗಿರಲಿಲ್ಲ. ಆದುದರಿಂದ ಹುಬ್ಬಳ್ಳಿಯ ವಿಮಾನ ನಿಲ್ದಾಣದ ದೀರ್ಘಕಾಲದ ಯೋಜನೆಯನ್ನು ಈ ಪತ್ರಿಕೆಯ ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದು. ಈ ನಿಲ್ದಾಣದ ಯೋಗವು ಬಹುಮಟ್ಟಿಗೆ ಸಾಧಿಸಿದೆ. ಇನ್ನು ಯೋಚಿಸಬೇಕಾದುದು ಅದರ ಕ್ಷೇಮವನ್ನು ಎಂಬುದೇ ಈ ಲೇಖನದ ಪ್ರತಿಪಾದ್ಯ.

ಮೊದಲು ಪೂರ್ವವೃತ್ತಾಂತ. ೨೦೦೩ರಲ್ಲಿ ಏರ್ ಡೆಕ್ಕನ್ ಸಂಸ್ಥೆಯು ಬೆಂಗಳೂರು–ಹುಬ್ಬಳ್ಳಿಗಳ ನಡುವೆ ಐವತ್ತಕ್ಕೂ ಕಡಿಮೆ ಆಸನಗಳ ಎಟಿಆರ್ ವಿಮಾನವನ್ನು ಹಾರಿಸಿತು. ಆ ಸಂಸ್ಥೆಯು ೨೦೦೮ರಲ್ಲಿ ಕಿಂಗ್‌ಫಿಷರಿನಲ್ಲಿ ಲೀನವಾಯಿತು. ಕಿಂಗ್‌ಫಿಷರ್ ೨೦೧೨ರಲ್ಲಿ ತಾನೇ ನಿಂತುಹೋಯಿತು. ೨೦೧೭ರ ಡಿಸೆಂಬರಿನಲ್ಲಿ ೨,೬೦೦ ಮೀಟರು ಉದ್ದದ ರನ್‌ವೇಯೂ ಹೊಸ ಟರ್ಮಿನಲ್ ಕಟ್ಟಡವೂ ತೆರೆದ ಮೇಲೆ ಬೋಯಿಂಗ್, ಏರ್‌ಬಸ್ ಜಾತಿಯ ದೊಡ್ಡ ವಿಮಾನಗಳು ಇಳಿಯುವಂತಾಯಿತು. ೨೦೧೮ರಲ್ಲಿ ಇಂಡಿಗೋ, ೨೦೧೯ರಲ್ಲಿ ಸ್ಟಾರ್ ಏರ್ ಸಂಸ್ಥೆಗಳು ಬಂದವು. ೨೦೨೪ರ ಮಾರ್ಚ್ ೧೦ರಂದು ಇನ್ನೂ ದೊಡ್ಡದಾದ ಟರ್ಮಿನಲಿಗೆ ಅಡಿಗಲ್ಲಾಯಿತು. ಈ ಚರಿತ್ರೆಯಿಂದ ತಿಳಿಯತಕ್ಕದ್ದೇನೆಂದರೆ, ವಿಮಾನ ಸಂಸ್ಥೆಗಳು ಬರುವುವು, ಹೋಗುವುವು. ನೆಲವೂ ಅದರ ಮೇಲಣ ಬಯಲೂ ಮಾತ್ರ ಉಳಿಯುವುವು. ಉಳಿಯುವ ವಸ್ತುವನ್ನು ಆಧರಿಸಿಯೇ ಮುಂಗಾಲದ ಯೋಜನೆಯನ್ನು ಹೂಡಬೇಕು.

ಇನ್ನು ರನ್‌ವೇಯ ಉದ್ದದ ವಿಚಾರ. ೨,೬೦೦ ಮೀಟರೆಂಬ ಸಂಖ್ಯೆಯು ಎಲ್ಲ ಊರುಗಳಲ್ಲಿಯೂ ಒಂದೇ ಬೆಲೆಯುಳ್ಳದ್ದಲ್ಲ. ವಿಮಾನವನ್ನು ಎತ್ತಿಹಿಡಿಯುವುದು ಗಾಳಿ. ಎತ್ತರದ ನೆಲದಲ್ಲಿ ಗಾಳಿ ವಿರಳ, ಬಿಸಿಲಿನಲ್ಲಿ ಇನ್ನಷ್ಟು ವಿರಳ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸ್ಥೂಲ ಸೂತ್ರದ ಮೇರೆಗೆ ಸಮುದ್ರಮಟ್ಟದಿಂದ ಪ್ರತಿ ೩೦೦ ಮೀಟರು ಎತ್ತರಕ್ಕೆ ರನ್‌ವೇಯ ಉದ್ದವನ್ನು ಶೇಕಡಾ ೭ರಷ್ಟು, ಆ ಎತ್ತರಕ್ಕೆ ಸಹಜವೆಂದು ಗಣಿಸಿದ ಉಷ್ಣತೆಗಿಂತ ಹೆಚ್ಚಾದ ಪ್ರತಿ ಡಿಗ್ರಿಗೆ ಶೇಕಡಾ ೧ರಷ್ಟು ಹೆಚ್ಚಿಸಬೇಕು. ಹುಬ್ಬಳ್ಳಿಯ ನಿಲ್ದಾಣವು ಸುಮಾರು ೬೬೦ ಮೀಟರು ಎತ್ತರದಲ್ಲಿದೆ. ಎತ್ತರಕ್ಕಾಗಿ ಶೇಕಡಾ ೧೫ ಆಯಿತು. ಬೇಸಗೆಯ ಮಧ್ಯಾಹ್ನ ೩೬ ಡಿಗ್ರಿ ಎಂದಿಟ್ಟುಕೊಂಡರೆ, ಈ ಎತ್ತರದ ಸಹಜ ಉಷ್ಣತೆಯು ೧೧ ಡಿಗ್ರಿಯ ಸಮೀಪದಲ್ಲಿರುವುದರಿಂದ, ಇನ್ನೊಂದು ಶೇಕಡಾ ೨೫ ಸೇರುವುದು. ಎರಡನ್ನೂ ಕೂಡಿಸಿ ನೋಡಿದರೆ ಇಲ್ಲಿಯ ೨,೬೦೦ ಮೀಟರು ಸಮುದ್ರತೀರದ ತಂಪಿನಲ್ಲಿ ಸುಮಾರು ೧,೮೦೦ ಮೀಟರಿಗೆ ಸಮವಾಗುವುದು. ತಿದ್ದುಪಡಿಯ ಮೊತ್ತವು ಶೇಕಡಾ ೩೫ನ್ನು ಮೀರಿದಲ್ಲಿ ಪ್ರತ್ಯೇಕ ಅಧ್ಯಯನ ಬೇಕೆಂದು ಅದೇ ಸೂತ್ರವು ಹೇಳುವುದರಿಂದ ಇದನ್ನು ಅಂತಿಮ ಲೆಕ್ಕವೆಂದು ತಿಳಿಯಬಾರದು. ಆದರೂ ದೂರದ ಊರುಗಳಿಗೆ ಪೂರ್ಣ ಭಾರದೊಡನೆ ಹಾರಬೇಕಾದರೆ ಮುಂದೊಂದು ದಿನ ರನ್‌ವೇಯನ್ನು ಬೆಳೆಸಬೇಕಾದೀತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿಯೇ ಕ್ಷೇಮದ ಪ್ರಶ್ನೆಯು ಏಳುತ್ತದೆ. ವಿಮಾನವು ಇಳಿಯುವ ದಾರಿಗೆ ಆಕಾಶದಲ್ಲಿ ಅದೃಶ್ಯವಾದ ಒಂದು ಇಳಿಜಾರು ಹಲಗೆಯನ್ನು ಕಲ್ಪಿಸಿಕೊಳ್ಳಬೇಕು. ರನ್‌ವೇಯ ತುದಿಯಿಂದ ೬೦ ಮೀಟರು ಆಚೆ ಅದು ಮೊದಲಾಗಿ, ಐವತ್ತು ಮೀಟರು ಹೋದಂತೆ ಒಂದು ಮೀಟರಿನ ಕ್ರಮದಲ್ಲಿ ಮೇಲೇರುವುದು. ಯಾವ ಕಟ್ಟಡವೂ ಅದನ್ನು ಭೇದಿಸಕೂಡದು. ನೆಲವು ಸಮವಾಗಿದೆಯೆಂದು ಭಾವಿಸಿದರೆ, ಅದರ ಮೊದಲಿನಿಂದ ೧,೦೦೦ ಮೀಟರು ದೂರದಲ್ಲಿ ೨೦ ಮೀಟರು ಎತ್ತರದ ಮನೆಗೆ ಅವಕಾಶವುಂಟು. ಆದರೆ ಮುಂದೆ ರನ್‌ವೇಯನ್ನು ಅದೇ ದಿಕ್ಕಿಗೆ ೪೦೦ ಮೀಟರು ಬೆಳೆಸಿದೆವೆನ್ನಿ. ಆಗ ಹಲಗೆಯೂ ೪೦೦ ಮೀಟರು ಮುಂದೆ ಸರಿಯುವುದು. ಅದೇ ಮನೆಯ ಮೇಲೆ ಈಗ ೧೨ ಮೀಟರಿನ ಎಡೆ ಮಾತ್ರ. ಅಂದರೆ ಇಂದು ಕಾನೂನಿಗೆ ಸರಿಯಾಗಿ ಕಟ್ಟಿದ ಮನೆಯೇ ನಾಳೆಯ ರನ್‌ವೇಗೆ ವಿಘ್ನವಾಗುತ್ತದೆ. ಕಟ್ಟಿದವನ ತಪ್ಪಿಲ್ಲದೆ ಅವನ ಮೇಲಂತಸ್ತುಗಳಿಗೆ ಕುತ್ತು ಬರುತ್ತದೆ. ಆದುದರಿಂದ ಎತ್ತರದ ಮಿತಿಯನ್ನು ಇಂದಿನ ರನ್‌ವೇಯಿಂದ ಅಳೆಯದೆ, ಮುಂದೆ ಬೆಳೆಯಬಹುದಾದ ರನ್‌ವೇಯಿಂದ ಅಳೆದು ಈಗಲೇ ಗೊತ್ತುಮಾಡಬೇಕು. ಗೋಕುಲ ರಸ್ತೆಯ ಉದ್ದಕ್ಕೂ ಮನೆಗಳೂ ಕಾರಖಾನೆಗಳೂ ಬೆಳೆದಿರುವುದನ್ನು ಕಂಡವರಿಗೆ ಈ ಮಾತಿನ ತ್ವರೆಯನ್ನು ವಿವರಿಸಬೇಕಾಗಿಲ್ಲ.

ನಿದರ್ಶನಗಳು ನಮ್ಮ ನಾಡಿನಲ್ಲಿಯೇ ಉಂಟು. ಮೈಸೂರಿನ ಮಂಡಕಳ್ಳಿಯಲ್ಲಿ ನಂಜನಗೂಡಿಗೆ ಹೋಗುವ ಹೆದ್ದಾರಿಯು ರನ್‌ವೇಯ ಬೆಳವಣಿಗೆಗೆ ಅಡ್ಡವಾಗಿ ನಿಂತಿತು. ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣವನ್ನು ಊರು ಸುತ್ತುಗಟ್ಟಿತು. ೨೦೦೮ರ ಮೇ ತಿಂಗಳಲ್ಲಿ ನಿತ್ಯದ ವಿಮಾನಗಳೆಲ್ಲವೂ ದೇವನಹಳ್ಳಿಗೆ ಹೋದವು. ರಾಜಧಾನಿಗೆ ಹೊಸ ನಿಲ್ದಾಣವನ್ನು ಕಟ್ಟುವ ಶಕ್ತಿಯಿತ್ತು. ಹುಬ್ಬಳ್ಳಿ–ಧಾರವಾಡಗಳಂಥ ಊರಿಗೆ ಎರಡನೆಯ ಅವಕಾಶವು ಸುಲಭವಾಗಿ ದೊರೆಯದು.

ಪ್ರಯಾಣಿಕರ ಸಂಖ್ಯೆಯ ವಿಚಾರದಲ್ಲಿಯೂ ವಿವೇಕವು ಬೇಕು. ಇಂಥ ಯೋಜನೆಗಳನ್ನು ಸಾಮಾನ್ಯವಾಗಿ ಇಪ್ಪತ್ತು ವರ್ಷಗಳ ಮುನ್ನೋಟದಿಂದ ರಚಿಸುತ್ತಾರೆ. ಆದರೆ ಕೆಲವು ವರ್ಷಗಳ ಏರಿಕೆಯ ಗೆರೆಯನ್ನೇ ಮುಂದಕ್ಕೆಳೆದರೆ ಅದು ಭ್ರಾಂತಿಗೆ ಕಾರಣವಾದೀತು. ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸರಕಾರದ ನೆರವು ಮೂರು ವರ್ಷ ಮಾತ್ರ. ಆ ಬಳಿಕ ಮಾರ್ಗವು ಸ್ವಂತ ಬಲದ ಮೇಲೆ ನಿಲ್ಲಬೇಕು. ಅದಲ್ಲದೆ ಬೆಳಗಾವಿಯ ಸಾಂಬ್ರಾ ನಿಲ್ದಾಣವು ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಗೋವೆಯ ಮೋಪಾದಲ್ಲಿಯೂ ಶಿವಮೊಗ್ಗದಲ್ಲಿಯೂ ೨೦೨೩ರಲ್ಲಿ ಹೊಸ ನಿಲ್ದಾಣಗಳು ಕಾರ್ಯಾರಂಭಿಸಿದವು. ಅದೇ ವರ್ಷ ಧಾರವಾಡ–ಬೆಂಗಳೂರುಗಳ ನಡುವೆ ವಂದೇ ಭಾರತ್ ರೈಲು ಓಡತೊಡಗಿತು. ಒಬ್ಬನೇ ಪ್ರಯಾಣಿಕನನ್ನು ಪ್ರತಿಯೊಂದು ಊರೂ ತನ್ನವನೆಂದು ಎಣಿಸಿಕೊಂಡರೆ ಲೆಕ್ಕವು ಎಲ್ಲಿ ನಿಂತೀತು? ಇನ್ನೊಂದು ಕಡೆ, ಉಚ್ಚ ನ್ಯಾಯಾಲಯದ ಪೀಠ, ನೈಋತ್ಯ ರೈಲ್ವೆಯ ಮುಖ್ಯ ಕಛೇರಿ, ಐಐಟಿ, ವಿಶ್ವವಿದ್ಯಾಲಯಗಳು ಇಲ್ಲಿರುವುದರಿಂದ ಸ್ಥಿರವಾದ ಪ್ರಯಾಣವು ಇದ್ದೇ ಇರುವುದು. ಈ ಎರಡನ್ನೂ ತೂಗಿ ನೋಡಬೇಕು.

ಆದಕಾರಣ ಕಟ್ಟಡಗಳನ್ನು ವರ್ಷಗಣನೆಯಿಂದಲ್ಲ, ಅಗತ್ಯದ ಮಟ್ಟದಿಂದ ವಿಸ್ತರಿಸುವುದು ಯುಕ್ತ. ಟರ್ಮಿನಲಿನ ಅಳತೆಯನ್ನು ನಿರ್ಣಯಿಸುವುದು ವಾರ್ಷಿಕ ಸಂಖ್ಯೆಯಲ್ಲ, ದಟ್ಟಣೆಯ ಒಂದು ಗಂಟೆ. ೧೮೦ ಆಸನಗಳ ಎರಡು ವಿಮಾನಗಳು ಒಟ್ಟಿಗೆ ಬಂದು ಹೊರಟರೆ ಬರುವವರೂ ಹೋಗುವವರೂ ಸೇರಿ ೭೨೦ ಜನ. ಉಳಿದ ಹೊತ್ತೆಲ್ಲ ಅದೇ ಕಟ್ಟಡವು ಬರಿದು. ವೇಳಾಪಟ್ಟಿಯನ್ನು ತುಸು ಹಂಚಿದರೆ ಗೋಡೆಯನ್ನು ಸರಿಸಬೇಕಾದ ಪ್ರಸಂಗವು ಎಷ್ಟೋ ವರ್ಷ ಮುಂದೆ ಹೋದೀತು. ಕಟ್ಟಡವನ್ನು ಯಾವಾಗ ಬೇಕಾದರೂ ಬೆಳೆಸಬಹುದು; ಬಯಲು ಒಮ್ಮೆ ಮುಚ್ಚಿದರೆ ಮುಚ್ಚಿದ್ದೇ.

ಕೆರೆಯನ್ನು ಕಟ್ಟಿಸಿದವರು ಅದರ ಹೂಳನ್ನು ತೆಗೆಸುವುದಕ್ಕೂ ಏರಿಯನ್ನು ಭದ್ರಪಡಿಸುವುದಕ್ಕೂ ಬಿತ್ತುವಟ್ಟವನ್ನು ಬಿಟ್ಟ ಸಂಗತಿಯು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆಂಬುದನ್ನು ಶಾಸನಾಭ್ಯಾಸಿಗಳು ಬಲ್ಲರು. ಕಟ್ಟಿದ ದಿನವೇ ಕಾಯುವ ವ್ಯವಸ್ಥೆಯನ್ನೂ ಮಾಡಿದ ಆ ದೂರದೃಷ್ಟಿಯೇ ಇಲ್ಲಿಯೂ ಬೇಕಾದುದು. ಮೂರು ಕಾರ್ಯಗಳು ಮೊದಲಾಗಬೇಕು: ಮುಂದಿನ ರನ್‌ವೇಯ ನೆಲವನ್ನೂ ಅದರ ಮೇಲಣ ಬಯಲನ್ನೂ ಊರಿನ ನಕ್ಷೆಯಲ್ಲಿ ಗುರುತಿಸಿ, ಮನೆ ಕಟ್ಟುವವರಿಗೆ ಮುಂಚಿತವಾಗಿ ತಿಳಿಯಪಡಿಸುವುದು, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗಗಳ ಪ್ರಯಾಣಿಕರ ಲೆಕ್ಕವನ್ನು ಒಟ್ಟಿಗೆ ಮಾಡುವುದು, ನಿಲ್ದಾಣದ ಆದಾಯದಲ್ಲಿ ಒಂದಂಶವನ್ನು ರಕ್ಷಣೆ, ದುರಸ್ತಿಗಳಿಗೆಂದೇ ಮೀಸಲಿಡುವುದು.

ಈ ನಿಲ್ದಾಣದ ವಿಸ್ತಾರಕ್ಕಾಗಿ ರೈತರ ಹೊಲಗಳು ಹೋಗಿವೆ. ಎರೆಯ ನೆಲದ ಮೇಲೆ ಒಮ್ಮೆ ರನ್‌ವೇಯ ಹಾಸು ಬಿದ್ದ ಮೇಲೆ ಅಲ್ಲಿ ಮತ್ತೆ ಜೋಳವಾಗಲಿ ಹತ್ತಿಯಾಗಲಿ ಬೆಳೆಯದು. ಕೊಟ್ಟ ನೆಲವು ಸಾರ್ಥಕವಾಗಬೇಕಾದರೂ, ಮುಂದೊಂದು ದಿನ ಅವರ ಮಕ್ಕಳ ಮನೆಗಳನ್ನು ಕೇಳುವ ಪ್ರಸಂಗವು ಬಾರದಿರಬೇಕಾದರೂ ಯೋಗದ ಹಿಂದೆಯೇ ಕ್ಷೇಮವೂ ನಡೆದುಬರಬೇಕು.