ಹತ್ತಿ ಆರಬೇಕಾದ ದೀಪ

ಬಾಗಲಕೋಟೆಯ ನವನಗರದಲ್ಲೋ ಇಳಕಲ್ಲಿನ ಹೆದ್ದಾರಿ ಬದಿಯಲ್ಲೋ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಬಾನೆಟ್ ಎತ್ತುತ್ತಾರೆ, ಟೈರು ಒದೆಯುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ಮೀಟರ್ ನೋಡುತ್ತಾರೆ. ಅದೇ ಮೀಟರಿನ ಮೂಲೆಯಲ್ಲಿ, ಕೂತ ಮನುಷ್ಯನ ಮುಂದೆ ಒಂದು ದುಂಡನೆಯ ಚೀಲ ಇರುವ ಪುಟ್ಟ ಚಿತ್ರವಿದೆ, ಏರ್‌ಬ್ಯಾಗಿನ ದೀಪ. ಅದು ಹತ್ತಿಕೊಂಡೇ ಇದ್ದರೆ ಗಿರಾಕಿ ಕೇಳುತ್ತಾನೆ. “ಅದು ಸೆನ್ಸರ್ ಕಿರಿಕಿರಿ ರೀ, ಗಾಡಿಗೇನೂ ಆಗಂಗಿಲ್ಲ” ಎಂಬ ಉತ್ತರ ಬರುತ್ತದೆ. ಚೌಕಾಸಿಗೆ ಒಂದು ಕಾರಣವಾದರೂ ಸಿಕ್ಕಿತು. ಹತ್ತದೇ ಇದ್ದರೆ ಯಾರೂ ಏನೂ ಕೇಳುವುದಿಲ್ಲ. ಹೆಚ್ಚು ಅಂಜಬೇಕಾದದ್ದು ಆ ಎರಡನೆಯ ಗಾಡಿಗೆ.

ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆ ಸಾಮಾನ್ಯವಾಗಿ ಗೇರ್ ಕಡ್ಡಿಯ ಆಸುಪಾಸು, ಕಾರಿನ ತಳಕ್ಕೆ ಅಂಟಿಕೊಂಡಿರುತ್ತದೆ. ಚಾವಿ ತಿರುಗಿಸಿದೊಡನೆ ಅದು ಪ್ರತಿ ಏರ್‌ಬ್ಯಾಗಿನ ತಂತಿಯಲ್ಲೂ ಅತಿ ಸಣ್ಣ ಕರೆಂಟು ಹರಿಸಿ ರೋಧವನ್ನು ಅಳೆಯುತ್ತದೆ. ಎರಡು ಮೂರು ಓಮ್‌ನಷ್ಟು ಸಿಕ್ಕರೆ ಸರಿ. ಈ ತಪಾಸಣೆ ನಡೆಯುವಷ್ಟು ಹೊತ್ತು, ಅಂದರೆ ಐದಾರು ಸೆಕೆಂಡು, ದೀಪ ಹತ್ತಿರುತ್ತದೆ; ಎಲ್ಲ ಸರಿಯಿದ್ದರೆ ತಾನಾಗಿಯೇ ಆರುತ್ತದೆ. ಎಲ್ಲೋ ಒಂದು ಕಡೆ ತಪ್ಪು ಕಂಡರೆ ಪೆಟ್ಟಿಗೆ ಅದನ್ನು ಕೋಡ್ ಆಗಿ ಬರೆದಿಟ್ಟುಕೊಂಡು ದೀಪವನ್ನು ಹಾಗೇ ಉರಿಸುತ್ತದೆ, ಮತ್ತು ಅನೇಕ ಗಾಡಿಗಳಲ್ಲಿ ಇಡೀ ವ್ಯವಸ್ಥೆಯನ್ನೇ ನಿಲ್ಲಿಸಿಬಿಡುತ್ತದೆ. ಸೀಟಿನ ಅಡಿಯ ಹಳದಿ ಕನೆಕ್ಟರ್ ಸಡಿಲವಾದದ್ದಕ್ಕೆ ಸ್ಟೇರಿಂಗಿನ ಏರ್‌ಬ್ಯಾಗ್ ಕೂಡ ಕೆಲಸ ಬಿಡಬಹುದು. “ಸೆನ್ಸರ್ ಕಿರಿಕಿರಿ” ಎಂಬ ಮಾತಿನೊಳಗೆ ಇಷ್ಟೆಲ್ಲ ಇದೆ.

ನಿಜ ಹೇಳಬೇಕೆಂದರೆ ಬಹಳ ಸಲ ಕಾರಣ ಸಣ್ಣದೇ. ಹೊಸ ಸೀಟ್ ಕವರ್ ಹಾಕುವಾಗ ಕನೆಕ್ಟರ್ ಎಳೆದಿರುತ್ತಾರೆ, ಇಲಿ ತಂತಿ ಕಡಿದಿರುತ್ತದೆ, ಸ್ಟೇರಿಂಗಿನೊಳಗೆ ಸುತ್ತಿಕೊಂಡಿರುವ ತಂತಿಪಟ್ಟಿ, ಮಿಸ್ತ್ರಿಗಳು ಕ್ಲಾಕ್ ಸ್ಪ್ರಿಂಗ್ ಅನ್ನುವುದು, ತುಂಡಾಗಿರುತ್ತದೆ. ಹಾರನ್ನೂ ಆಗಾಗ ಕೈಕೊಡುತ್ತಿದ್ದರೆ ಇದರ ಮೇಲೆಯೇ ಅನುಮಾನ. ಇವೆಲ್ಲ ರಿಪೇರಿಯಾಗುವಂಥವು. ಏರ್‌ಬ್ಯಾಗ್ ಒಮ್ಮೆ ಸಿಡಿದ ಗಾಡಿಯ ಮಾತು ಬೇರೆ. ಚೀಲ, ನಿಯಂತ್ರಣ ಪೆಟ್ಟಿಗೆ, ಸೀಟ್ ಬೆಲ್ಟಿನ ಬಿಗಿಸುವ ಯಂತ್ರ ಎಲ್ಲ ಬದಲಾಗಬೇಕು. ಹಳೆ ಗಾಡಿಯ ಬೆಲೆಗೆ ಆ ಖರ್ಚು ಹೊಂದುವುದಿಲ್ಲ. ಮುಚ್ಚಿಡುವ ಆಸೆ ಹುಟ್ಟುವುದು ಅಲ್ಲಿ.

ಮುಚ್ಚಿಡುವ ದಾರಿಗಳು ಹಲವು. ದೀಪದ ಮೇಲೆ ಕಪ್ಪು ಟೇಪು ಅಂಟಿಸುವುದು, ಬಲ್ಬನ್ನೇ ಕಿತ್ತುಹಾಕುವುದು ಹಳೆಯ ವಿದ್ಯೆ. ಸ್ವಲ್ಪ ಜಾಣರಾದವರು ಅದರ ತಂತಿಯನ್ನು ಇಂಜಿನ್ ಆಯಿಲ್ ದೀಪಕ್ಕೋ ಬ್ಯಾಟರಿ ದೀಪಕ್ಕೋ ಜೋಡಿಸುತ್ತಾರೆ. ಆಗ ಚಾವಿ ತಿರುಗಿಸಿದರೆ ಹತ್ತುತ್ತದೆ, ಇಂಜಿನ್ ಶುರುವಾದರೆ ಆರುತ್ತದೆ, ನೋಡುವವನಿಗೆ ಸಮಾಧಾನ. ಎಲ್ಲಕ್ಕಿಂತ ಕೆಟ್ಟದ್ದು ಏರ್‌ಬ್ಯಾಗಿನ ಜಾಗದಲ್ಲಿ ಕೆಲವೇ ರೂಪಾಯಿಯ ರೆಸಿಸ್ಟರ್ ಸಿಕ್ಕಿಸುವುದು. ಎರಡು ಮೂರು ಓಮ್ ಸಿಕ್ಕಿತಲ್ಲ ಎಂದು ಪೆಟ್ಟಿಗೆ ನಂಬಿ ದೀಪ ಆರಿಸುತ್ತದೆ. ಸ್ಕ್ಯಾನರ್ ಕೂಡ ನಂಬುತ್ತದೆ.

ಆದ್ದರಿಂದ ಗಾಡಿ ನೋಡುವಾಗ ಇಂಜಿನ್ ಶುರುಮಾಡಲು ಅವಸರ ಬೇಡ. ಚಾವಿಯನ್ನು ಆನ್‌ವರೆಗೆ ಮಾತ್ರ ತಿರುಗಿಸಿ. ಬಟನ್ ಗಾಡಿಯಾದರೆ ಬ್ರೇಕ್, ಕ್ಲಚ್ ಒತ್ತದೆ ಬಟನ್ ಒತ್ತಿ. ಬಹುಪಾಲು ಗಾಡಿಗಳಿಗೆ ಎರಡು ಸಲ ಒತ್ತಬೇಕು. ಏರ್‌ಬ್ಯಾಗ್ ದೀಪ ಹತ್ತಲೇಬೇಕು. ಆಯಿಲ್, ಬ್ಯಾಟರಿ ದೀಪಗಳು ಇನ್ನೂ ಉರಿಯುತ್ತಿರುವಾಗಲೇ ಇದೊಂದು ತಾನಾಗಿ ಆರಬೇಕು. ಹತ್ತಲೇ ಇಲ್ಲವೆಂದರೆ ಮೋಸ ಇರಬಹುದು. ಇಂಜಿನ್ ಶುರುವಾಗುವ ತನಕ ಉರಿದು ಆಯಿಲ್ ದೀಪದ ಜೊತೆಗೇ ಆರಿದರೆ ಜೋಡಣೆಯ ಅನುಮಾನ ಗಟ್ಟಿ. ರೆಸಿಸ್ಟರ್ ಹಿಡಿಯಲು ಈ ಪರೀಕ್ಷೆ ಸಾಲದು. ಸ್ಟೇರಿಂಗ್ ನಡುವಿನ ಮುಚ್ಚಳದ ಬಣ್ಣ, ಡ್ಯಾಶ್‌ಬೋರ್ಡಿನ ಅಂಚು, ಸೀಟ್ ಬೆಲ್ಟಿನ ಬುಡದಲ್ಲಿ ಹೊಲಿದ ಚೀಟಿಯ ತಾರೀಖು ನೋಡಬೇಕು. 2018ರ ಗಾಡಿಗೆ 2021ರ ಬೆಲ್ಟ್ ಇದ್ದರೆ ಕಾರಣ ಕೇಳಿ.

ದೀಪವೇ ಇಲ್ಲದಿರುವುದು ಸಹಜವಾಗಿರುವ ಗಾಡಿಗಳೂ ಇವೆ. ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅದಕ್ಕೂ ಮೊದಲಿನ ಆಲ್ಟೊದಂಥ ಸಣ್ಣ ಕಾರುಗಳಲ್ಲಿ ವೇರಿಯಂಟ್ ಹೆಸರಿನ ಕೊನೆಗೆ ಆವರಣದೊಳಗೆ ‘ಒ’ ಅಕ್ಷರ ಇದ್ದವಕ್ಕೆ ಏರ್‌ಬ್ಯಾಗ್ ಇರುತ್ತಿತ್ತು, ಉಳಿದ ಅಗ್ಗದ ಮಾದರಿಗಳಿಗೆ ಇಲ್ಲ.

ನಮ್ಮ ಕಡೆಯ ಗಿರಾಕಿ ಇನ್ನೊಂದನ್ನು ಮರೆಯಬಾರದು: ನೀರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಬಂದಳು. ಬಾದಾಮಿ, ಹುನಗುಂದ ತಾಲ್ಲೂಕುಗಳ ಹೊಳೆದಂಡೆಯ ಊರುಗಳು ಮುಳುಗಿದವು. ಅದೇ ತಿಂಗಳು ಸಾಂಗ್ಲಿ, ಕೊಲ್ಹಾಪುರಗಳೂ ನೀರಲ್ಲಿದ್ದವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ದುಬಾರಿ ಕಾರುಗಳೇ ತೇಲಿದವು. ಬಾಗಿಲ ಮಟ್ಟಕ್ಕೆ ನೀರು ಬಂದರೆ ಮೊದಲು ನೆನೆಯುವುದು ತಳದಲ್ಲಿರುವ ಆ ಪೆಟ್ಟಿಗೆ ಮತ್ತು ಸೀಟಿನ ಅಡಿಯ ಕನೆಕ್ಟರ್‌ಗಳು. ಒಣಗಿದ ಮೇಲೆ ಗಾಡಿ ಓಡುತ್ತದೆ. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುವುದು ತಿಂಗಳುಗಳ ಮೇಲೆ. ಸೀಟ್ ಬೆಲ್ಟನ್ನು ಕೊನೆಯ ತನಕ ಹೊರಗೆಳೆದು ನೋಡಿ. ಸೀಟು ತೊಳೆದವರು, ಕಾರ್ಪೆಟ್ ಬದಲಿಸಿದವರು ಬೆಲ್ಟಿನ ಕೊನೆಯ ಮೊಳದ ಕೆಸರಿನ ಗೆರೆ ಮರೆತಿರುತ್ತಾರೆ.

ಕಾನೂನಿನಿಂದ ಇಲ್ಲಿ ಹೆಚ್ಚು ನೆರವಿಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ವರ್ಷಕ್ಕೊಮ್ಮೆ ತಪಾಸಣೆ, ಏರ್‌ಬ್ಯಾಗ್ ದೀಪ ಆರದಿದ್ದರೆ ಗಾಡಿ ಫೇಲು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ಕೆಎ-29ರ, ಅಂದರೆ ಬಾಗಲಕೋಟೆಯ ಆರ್‌ಟಿಒ ಕಚೇರಿಗೆ ಕೊಡುವ ಹೆಸರು ಬದಲಾವಣೆಯ 29, 30ನೇ ನಮೂನೆಗಳಲ್ಲಿ ಏರ್‌ಬ್ಯಾಗಿನ ಕಾಲಂ ಇಲ್ಲ. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ವ್ಯಾಪಾರಿಗಳು ಅಧಿಕಾರಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಅಂಥವರ ಬಳಿ ಇದೆಯೇ ಎಂದು ಕೇಳಿ, ಏರ್‌ಬ್ಯಾಗ್ ಸರಿಯಿದೆ ಎಂಬ ಮಾತನ್ನು ಕರಾರಿನಲ್ಲಿ ಬರೆಸಿಕೊಳ್ಳಿ.

ಪ್ರಾಮಾಣಿಕ ದೀಪಕ್ಕೂ ಗೊತ್ತಾಗದ ದೋಷವಿದೆ. ಅದು ತಂತಿಯನ್ನು ಅಳೆಯುತ್ತದೆ, ಅನಿಲ ಹುಟ್ಟಿಸುವ ಮದ್ದನ್ನಲ್ಲ. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗಿನ ಅಮೋನಿಯಂ ನೈಟ್ರೇಟ್ ಮದ್ದು ಸೆಕೆ ತೇವಗಳಿಂದ ಕೆಟ್ಟು, ಸಿಡಿದಾಗ ಲೋಹದ ಚೂರು ಎರಚುತ್ತಿತ್ತು. ಜಗತ್ತಿನಾದ್ಯಂತ ಸುಮಾರು 10 ಕೋಟಿ ಬಿಡಿಭಾಗ ವಾಪಸ್ ಕರೆಸಬೇಕಾಯಿತು. 2017ರ ಜೂನಿನಲ್ಲಿ ಕಂಪನಿ ದಿವಾಳಿಯೆದ್ದಿತು. ನಮ್ಮಲ್ಲೂ ಹಳೆಯ ಹೋಂಡಾ ಸಿಟಿ, ಟೊಯೊಟಾ ಕೊರೊಲ್ಲಾ ಆಲ್ಟಿಸ್‌ಗಳನ್ನು ಕರೆಸಿದ್ದರು. ಚಾಸಿ ನಂಬರ್ ಕೊಟ್ಟರೆ ಆ ಕೆಲಸ ಆಗಿದೆಯೋ ಇಲ್ಲವೋ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ತಿಳಿಯುತ್ತದೆ.

ಕಡೆಗೆ ಸ್ಕ್ಯಾನರ್ ಬಗ್ಗೆ. ಮೊಬೈಲಿಗೆ ಜೋಡಿಸುವ ಅಗ್ಗದ ಸಾಧನಗಳು ಸಾಮಾನ್ಯವಾಗಿ ಇಂಜಿನ್ ಕೋಡ್ ಮಾತ್ರ ಓದುತ್ತವೆ. ಏರ್‌ಬ್ಯಾಗ್ ಪೆಟ್ಟಿಗೆಯನ್ನು ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕು. ಗಿರಾಕಿ ಬರುವ ಮುಂಚೆ ಕೋಡ್ ಅಳಿಸಿಟ್ಟಿರುವುದೂ ಉಂಟು. ಅದಕ್ಕೇ ಮೊದಲು ಗಾಡಿಯನ್ನು ಇಳಕಲ್ಲಿನಿಂದ ಹುನಗುಂದದ ತನಕ ಓಡಿಸಿ, ಹಂಪು ಹಾರಿಸಿ, ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಸೀಟನ್ನು ಹಿಂದೆ ಮುಂದೆ ಜರುಗಿಸಿ. ಸ್ಕ್ಯಾನ್ ಮಾಡಿಸುವುದು ಆಮೇಲೆ.