ಪರದೇಶದ ಶಿಷ್ಯರೂ ಮೇಲ್ವಿಚಾರಕರ ಹೊಣೆಯೂ

ನೊಂದವರ ಮಾತನ್ನು ಸಹನೆಯಿಂದ ಕೇಳಿ, ಅವರ ಮನಸ್ಸಿನ ತೊಡಕನ್ನು ಬಿಡಿಸಲು ನೆರವಾಗುವ ವಿದ್ಯೆಗೆ ಆಪ್ತಸಮಾಲೋಚನೆಯೆಂದು ಹೆಸರು. ಇದನ್ನು ಕಲಿಯಲು ನಮ್ಮ ದೇಶದ ತರುಣ ತರುಣಿಯರು ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋಗುವುದುಂಟು. ಅಲ್ಲಿ ಗ್ರಂಥಪಾಠವೊಂದೇ ಸಾಲದು. ಕಾಕ್ರೆಪ್ ಎಂಬ ಮಾನ್ಯತಾ ಮಂಡಲಿಯ 2024ರ ನಿಯಮಗಳಂತೆ ಮೊದಲು 100 ಗಂಟೆಗಳ ಅಭ್ಯಾಸವನ್ನೂ ಅನಂತರ 600 ಗಂಟೆಗಳ ಇಂಟರ್ನ್‌ಷಿಪ್ಪನ್ನೂ ಪೂರೈಸತಕ್ಕದ್ದು. ಅವುಗಳಲ್ಲಿ ಕ್ರಮವಾಗಿ 40 ಮತ್ತು 240 ಗಂಟೆಗಳು ನೆರವು ಕೋರಿ ಬಂದವರೊಡನೆ ನೇರವಾಗಿ ಕಳೆದವಾಗಿರಬೇಕು. ಈ ಅವಧಿಯಲ್ಲಿ ವಾರಕ್ಕೆ ಸರಾಸರಿ ಒಂದು ಗಂಟೆ ಮೇಲ್ವಿಚಾರಕರ ಮುಂದೆ ಕುಳಿತು ತಮ್ಮ ಕೆಲಸದ ಗುಣದೋಷಗಳನ್ನು ಅರಿಯಬೇಕು.

ತೊಡಕು ಹುಟ್ಟುವುದು ಈ ಒಂದು ಗಂಟೆಯಲ್ಲಿಯೇ. ಹಿರಿಯರು ಕೇಳಿದ ಹೊರತು ಮಾತನಾಡದಿರುವುದು, ಗುರುಗಳಿಗೆ ಎದುರು ನುಡಿಯದಿರುವುದು ನಮ್ಮ ಮನೆಗಳಲ್ಲಿ ವಿನಯದ ಲಕ್ಷಣ. ಅಲ್ಲಿಯಾದರೋ ಅದೇ ಮೌನವನ್ನು ತಿಳಿವಳಿಕೆಯ ಕೊರತೆಯೆಂದು ಎಣಿಸುವ ಸಂಭವವುಂಟು. ಭಾಷೆಯ ಕಷ್ಟವೂ ಇದಕ್ಕೆ ಸೇರುವುದು. ನಮ್ಮ ‘ಬೇಜಾರು’ ಎಂಬ ಒಂದೇ ಮಾತಿನಲ್ಲಿ ದುಃಖ, ಬೇಸರ, ಮುನಿಸುಗಳೆಲ್ಲ ಅಡಗಿವೆ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಪದವನ್ನು ಹುಡುಕಬೇಕು. ಹುಡುಕುವಾಗ ತಡೆದರೆ ಅದನ್ನು ಮರುಕದ ಅಭಾವವೆಂದು ತಿಳಿಯುವುದು ನ್ಯಾಯವೆ?

ಮೇಲ್ವಿಚಾರಕರ ಅಭಿಪ್ರಾಯವು ಉತ್ತೀರ್ಣತೆಯ ಮೇಲೆ ಪರಿಣಾಮ ಬೀರುವುದು. ವ್ಯಾಸಂಗವು ಮುರಿದುಬಿದ್ದರೆ ಎಫ್-1 ವೀಸಾದ ಆಧಾರವೇ ತಪ್ಪೀತು. ಹೀಗಿರುವಲ್ಲಿ ವಿದ್ಯಾರ್ಥಿಯು ಸಂದೇಹಗಳನ್ನು ನುಂಗಿಕೊಂಡರೆ ಆಶ್ಚರ್ಯವೇನು? ಆದರೆ ಹೇಳದ ತಪ್ಪನ್ನು ತಿದ್ದುವವರಾರು? ಅದರ ಕೇಡು ನೆರವು ಕೋರಿ ಬಂದ ದುಃಖಿಗೂ ತಟ್ಟುವುದು.

ಗುರುಭಕ್ತಿಯು ದೋಷವಲ್ಲ. ಭಾರತೀಯ ಮನೋವೈದ್ಯರಾದ ಜಸ್ವಂತ ಸಿಂಗ್ ನೇಕಿಯವರು 1973ರಲ್ಲಿಯೇ ಗುರುಶಿಷ್ಯ ಸಂಬಂಧವು ಚಿಕಿತ್ಸೆಗೆ ಮಾದರಿಯಾಗಬಹುದೆಂಬುದನ್ನು ವಿವೇಚಿಸಿದರು. 1998ರಲ್ಲಿ ಅಮೆರಿಕೆಯ ವೈದ್ಯೆಯರಾದ ಟರ್ವಾಲನ್ ಮತ್ತು ಮರ್ರೇ-ಗಾರ್ಸಿಯಾ ಎಂಬವರು, ಪರರ ಸಂಸ್ಕೃತಿಯ ಮುಂದೆ ವಿನಯವು ಜೀವನಪರ್ಯಂತದ ಆತ್ಮಪರೀಕ್ಷೆಯೆಂದು ಪ್ರತಿಪಾದಿಸಿದರು. ಅದು ಮೇಲ್ವಿಚಾರಕರಿಗೂ ಸಲ್ಲುವ ಮಾತು.

ಆದುದರಿಂದ ಅಧಿಕಾರವುಳ್ಳವರೇ ಮೊದಲು ಬಾಯಿ ತೆರೆಯಬೇಕೆಂಬುದು ನಮ್ಮ ಅಭಿಪ್ರಾಯ. ‘ಗುರುಗಳ ಮಾತು ಒಪ್ಪಿಗೆಯಾಗದಿದ್ದರೆ ನಿಮ್ಮಲ್ಲಿ ಹೇಗೆ ತಿಳಿಸುವಿರಿ?’ ಎಂದು ಮೊದಲ ಭೇಟಿಯಲ್ಲಿಯೇ ಕೇಳಲಿ. ಉಚ್ಚಾರಣೆಯನ್ನು ಬೇರೆಯಾಗಿಯೂ ಕೌಶಲವನ್ನು ಬೇರೆಯಾಗಿಯೂ ತೂಗಲಿ. ಯಾವುದಕ್ಕೆ ಎಷ್ಟು ಬೆಲೆಯೆಂಬುದನ್ನು ಮುಂಚಿತವಾಗಿ ತಿಳಿಸಲಿ.

ತಾಯಿತಂದೆಗಳಿಗೂ ಒಂದು ಕೆಲಸವುಂಟು. ಪರದೇಶದಲ್ಲಿರುವ ಮಕ್ಕಳನ್ನು ಅಂಕಗಳ ವಿಷಯವೊಂದನ್ನೇ ವಿಚಾರಿಸದೆ, ತಿಳಿಯದುದನ್ನು ಗುರುಗಳಲ್ಲಿ ಬಿಚ್ಚಿ ಹೇಳುವುದು ಅವಿನಯವಲ್ಲವೆಂದು ಧೈರ್ಯ ಹೇಳಿರಿ. ಮನೆಯಿಂದ ಬಂದ ಆ ಅನುಮತಿಯು ಅವರಿಗೆ ದೊಡ್ಡ ಬಲವಾದೀತು.