ಸೀಸನ್‌ಗೆ ಗುರಿ ಇಡೋದು ಹೇಗೆ? ದಸರಾ ಆನೆಗಳ ತಾಲೀಮಿನಲ್ಲಿದೆ ಪಾಠ

ದುಬಾರೆ: ‘ಈ ಸಲ ಸೀಸನ್ ಚೆನ್ನಾಗಿ ಮಾಡ್ಬೇಕು.’ ಮಳೆ ಕಡಿಮೆಯಾಗುತ್ತಿದ್ದಂತೆ ನಮ್ಮ ಅಂಗಡಿಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ, ರ‍್ಯಾಫ್ಟಿಂಗ್ ನಡೆಸುವವರ ನಡುವೆ ಕೇಳಿಬರುವ ಮಾತಿದು. ಆದರೆ ಚೆನ್ನಾಗಿ ಅಂದ್ರೆ ಎಷ್ಟು? ಯಾವಾಗಿನೊಳಗೆ? ಯಾರು ಏನು ಮಾಡ್ಬೇಕು? ಉತ್ತರ ಇಲ್ಲದಿದ್ರೆ ಅದು ಬರೀ ಆಸೆಯಾಗಿಯೇ ಉಳಿಯುತ್ತೆ.

ಗುರಿ ಹೇಗಿರಬೇಕು ಅಂತ ತಿಳಿಯಲು ದೂರ ಹೋಗಬೇಕಿಲ್ಲ. ಪ್ರತಿ ವರ್ಷ ದುಬಾರೆ ಶಿಬಿರದ ಆನೆಗಳೂ ಸೇರುವ ಮೈಸೂರು ದಸರಾ ತಂಡವನ್ನೇ ನೋಡಿ.

ಎಲ್ಲರಿಗೂ ಗೊತ್ತಿರುವ ಗುರಿ

ವಿಜಯದಶಮಿ ದಿನ, ಸುಮಾರು 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಹೊತ್ತು, ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ನಡೆಯಬೇಕು. ದಿನ, ಭಾರ, ದಾರಿ ಮೂರೂ ಸ್ಪಷ್ಟ. ಮಾವುತ, ಕಾವಾಡಿ, ಪಶುವೈದ್ಯರು ಯಾರನ್ನೇ ಕೇಳಿದ್ರೂ ಒಂದೇ ಉತ್ತರ ಬರುತ್ತೆ.

ಹಾಗಂತ ಮೊದಲ ದಿನವೇ ಅಷ್ಟು ಭಾರ ಹೊರಿಸಲ್ಲ. ಮೈಸೂರು ತಲುಪಿದ ಮೇಲೆ ಆನೆಗಳನ್ನು ತೂಕ ಹಾಕ್ತಾರೆ. ಮೊದಲು ಬರಿಗೈ ನಡಿಗೆ, ಆಮೇಲೆ ಮರಳಿನ ಮೂಟೆ. ಹಂತ ಹಂತವಾಗಿ ಭಾರ ಏರಿಸಿ, ನಂತರ ಮರದ ಅಂಬಾರಿ. ಫಿರಂಗಿ ಸದ್ದಿಗೆ ಬೆದರದಂತೆ ಬೇರೆಯೇ ತಾಲೀಮು. ಅಂಬಾರಿ ಹೊರುವುದು ಒಂದೇ ಆನೆಯಾದರೂ ಕುಮ್ಕಿ ಆನೆ, ನಿಶಾನೆ ಆನೆ, ನೌಫತ್ ಆನೆ ಹೀಗೆ ಪ್ರತಿಯೊಂದಕ್ಕೂ ಅದರದ್ದೇ ಕೆಲಸ ಇದೆ.

ಮಿತಿಯೂ ಬೇಕು

60 ವರ್ಷ ದಾಟಿದ ಆನೆಗೆ ಅಂಬಾರಿ ಹೊರಿಸುವಂತಿಲ್ಲ. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನನ ಜಾಗಕ್ಕೆ 2020ರಲ್ಲಿ ಅಭಿಮನ್ಯು ಬಂದಿದ್ದು ಇದೇ ಕಾರಣಕ್ಕೆ. 2024ರ ಸೆಪ್ಟೆಂಬರ್‌ನಲ್ಲಿ ದುಬಾರೆಯದ್ದೇ ಆದ ಧನಂಜಯ ಮತ್ತು ಕಂಜನ್ ಕಾದಾಡಿ ಅರಮನೆಯಿಂದ ರಸ್ತೆಗೆ ಓಡಿದ್ದು ನೆನಪಿರಬಹುದು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ತೂಕ, ನಡಿಗೆ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿ ಅನ್ನೋ ಹಾಗಿಲ್ಲ.

ಮರದ ಲಾರಿಗಳ ಲೆಕ್ಕ

ಸಂಖ್ಯೆ ಹೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಒಂದು ಉದಾಹರಣೆ ಪ್ರಸಿದ್ಧ. 1970ರ ದಶಕದಲ್ಲಿ ಗ್ಯಾರಿ ಲೇಥಮ್ ಎಂಬ ಸಂಶೋಧಕರು ಮರ ಸಾಗಿಸುವ ಲಾರಿಗಳನ್ನು ಗಮನಿಸಿದರು. ‘ಕೈಲಾದಷ್ಟು ತುಂಬಿ’ ಎಂದಾಗ ಕಾನೂನು ಒಪ್ಪುವ ಭಾರದ ಶೇ 60ರಷ್ಟು ಮಾತ್ರ ತುಂಬುತ್ತಿತ್ತು. ‘ಶೇ 94 ತುಂಬಿ’ ಎಂದು ಗುರಿ ಕೊಟ್ಟ ಮೇಲೆ ಅದು ಶೇ 90ರ ಆಸುಪಾಸಿಗೆ ಏರಿತು. ಅಲ್ಲೂ ಕಾನೂನಿನ ಮಿತಿಯೊಳಗೇ ಗುರಿ ಇತ್ತು ಅನ್ನೋದನ್ನ ಗಮನಿಸಿ.

ನಮ್ಮ ಅಂಗಡಿ, ಸಂಘಕ್ಕೆ ಹೇಗೆ?

1. ಲೆಕ್ಕಕ್ಕೆ ಸಿಗುವಂತೆ ಹೇಳಿ. ‘ಕಾಫಿಪುಡಿ ಜಾಸ್ತಿ ಮಾರೋಣ’ ಬದಲು ‘ಡಿಸೆಂಬರ್‌ನಲ್ಲಿ 100 ಕೆ.ಜಿ. ಮಾರೋಣ’ ಅನ್ನಿ. ಕಳೆದ ವರ್ಷದ ಪುಸ್ತಕ ತೆಗೆದು ನೋಡಿ, ಅದರ ಮೇಲೆ ಸಂಖ್ಯೆ ನಿರ್ಧರಿಸಿ.

2. ವಾರಕ್ಕೆ ಎಷ್ಟು ಅಂತ ಒಡೆಯಿರಿ. ಮರಳಿನ ಮೂಟೆ ಏರಿಸಿದ ಹಾಗೆ.

3. ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು ಬರೆಯಿರಿ. ‘ಎಲ್ಲರೂ ಸೇರಿ ಮಾಡೋಣ’ ಅಂದ್ರೆ ಯಾರೂ ಮಾಡಲ್ಲ. ಗುರಿ ಇಡುವಾಗ ಕೆಲಸ ಮಾಡೋರನ್ನೂ ಕೂರಿಸಿಕೊಳ್ಳಿ.

4. ಮಾರಾಟದ ಗುರಿಯ ಪಕ್ಕದಲ್ಲೇ ಇನ್ನೊಂದು ಅಳತೆ ಇಡಿ. ದಿನಕ್ಕೆ ಎಷ್ಟು ಟ್ರಿಪ್ ಅನ್ನೋದೊಂದೇ ಗುರಿಯಾದ್ರೆ ಲೈಫ್ ಜಾಕೆಟ್ ಪಟ್ಟಿ ನೋಡಲು ಯಾರಿಗೂ ಪುರುಸೊತ್ತು ಇರಲ್ಲ. ವ್ಯಾಪಾರದ ಮೊತ್ತವೊಂದೇ ಗುರಿಯಾದ್ರೆ ಪ್ರವಾಸಿಗರಿಗೆ ದುಪ್ಪಟ್ಟು ಬೆಲೆ ಹೇಳುವ ಆಸೆ ಹುಟ್ಟುತ್ತೆ. ‘ಪಟ್ಟಿ ಪರೀಕ್ಷಿಸದೆ ಒಂದೂ ಟ್ರಿಪ್ ಇಲ್ಲ’, ‘ಬೆಲೆಪಟ್ಟಿ ಮೀರಿ ಒಂದೂ ಬಿಲ್ ಇಲ್ಲ’ ಅನ್ನೋದೂ ಗುರಿಯೇ.

5. ವಾರಕ್ಕೊಮ್ಮೆ ಹತ್ತು ನಿಮಿಷ ಕೂತು ನೋಡಿ. ಕಾವೇರಿ ತುಂಬಿ ಬೋಟ್ ನಿಂತ್ರೆ ಹಳೇ ಸಂಖ್ಯೆ ಹಿಡಿದು ಹುಡುಗರನ್ನ ಬೈಯ್ಯೋದರಲ್ಲಿ ಅರ್ಥ ಇಲ್ಲ. ಗುರಿ ಬದಲಿಸಿ, ಕಾರಣ ಬರೆದಿಡಿ.

ಒಂದು ಸೀಸನ್‌ಗೆ ಎರಡು ಮೂರು ಗುರಿ ಸಾಕು. ನಾಲ್ಕನೇ ಅಂಶವನ್ನಂತೂ ಅಂಗಡಿಯವರು, ರ‍್ಯಾಫ್ಟಿಂಗ್‌ನವರು ಒಟ್ಟಿಗೆ ಕೂತು ತೀರ್ಮಾನಿಸಿದ್ರೆ ಒಳ್ಳೇದು. ಯಾಕಂದ್ರೆ ಒಂದು ಅಂಗಡಿಯಲ್ಲಿ ಮೋಸ ಹೋದವರು ಊರಿಗೆ ಹೋಗಿ ಆ ಅಂಗಡಿ ಹೆಸರು ಹೇಳಲ್ಲ, ‘ದುಬಾರೆಯಲ್ಲಿ ಹೀಗಾಯ್ತು’ ಅಂತಾರೆ.